ನಡಿಗೆಯೋ ನೋಡುಗರ ತೀರ್ಪೋ: ಇಂಗ್ಲಿಷಿನ ನಡಿಗೆಯ ಕ್ರಿಯಾಪದಗಳ ವಿಂಗಡಣೆ

ಇಂಗ್ಲಿಷ್ ಭಾಷೆಯು ಚಲನೆಯ ದಾರಿಯನ್ನು ‘ಇನ್‌ಟು’, ‘ಔಟ್’, ‘ಅಕ್ರಾಸ್’ನಂಥ ಅವ್ಯಯಗಳಿಗೆ ಬಿಟ್ಟು, ಚಲನೆಯ ಬಗೆಯನ್ನು ಕ್ರಿಯಾಪದದಲ್ಲೇ ಅಡಕಗೊಳಿಸುತ್ತದೆ. ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಅವರ 1985ರ ಪ್ರಬಂಧದಿಂದೀಚೆಗೆ ಇದು ಬಹುಮಟ್ಟಿಗೆ ಒಪ್ಪಿತ ವಿಚಾರ. ಬಗೆ ಹೇಳುವ ಕ್ರಿಯಾಪದಗಳು ಇಂಗ್ಲಿಷಿನಲ್ಲಿ ಹೇರಳವಾಗಿರುವುದಕ್ಕೂ ಈ ರಚನೆಗೂ ಇರುವ ನಂಟನ್ನು ಮನೋಭಾಷಾವಿಜ್ಞಾನಿ ಡಾನ್ ಸ್ಲೋಬಿನ್ ತೋರಿಸಿದ್ದಾರೆ.

ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಭಾಷಾವಿಜ್ಞಾನಿ ಬೆತ್ ಲೆವಿನ್ 1993ರ ತಮ್ಮ ಗ್ರಂಥದಲ್ಲಿ ‘ಲಿಂಪ್’, ‘ಟಿಪ್‌ಟೋ’, ‘ಸ್ಟ್ರೋಲ್’, ‘ಟ್ರಜ್’, ‘ಸ್ಟ್ರಟ್’, ‘ಸ್ವ್ಯಾಗರ್’ಗಳನ್ನು ಒಂದೇ ವರ್ಗಕ್ಕೆ ಸೇರಿಸುತ್ತಾರೆ. ವಾಕ್ಯರಚನೆಯ ಮಟ್ಟಿಗೆ ಇದು ಸರಿ. ಆದರೆ ಕಥನದಲ್ಲಿ ಇವು ಮೂರು ಬೇರೆ ಕೆಲಸಗಳನ್ನು ಮಾಡುತ್ತವೆ.

ಉತ್ತಮ ಪುರುಷದಲ್ಲಿ ಇಟ್ಟು ನೋಡಿದರೆ ಭೇದ ಹೊರಬೀಳುತ್ತದೆ. ‘ಐ ಲಿಂಪ್ಡ್ ಹೋಮ್’ ಎನ್ನುವುದು ಸಾದಾ ವರದಿ. ಕುಂಟು ನಡಿಗೆ ನಡೆಯುವವನಿಗೂ ನೋಡುವವನಿಗೂ ಒಂದೇ ತೆರನಾಗಿ ಗೊತ್ತಾಗುತ್ತದೆ. ‘ಐ ಟ್ರಜ್ಡ್ ಹೋಮ್’ ಇನ್ನೂ ಸಹಜ, ಏಕೆಂದರೆ ಆ ಪದ ಸೂಚಿಸುವ ದಣಿವು ನಡೆಯುವವನದೇ ಅನುಭವ. ‘ಐ ಸ್ವ್ಯಾಗರ್ಡ್ ಹೋಮ್’ ಎಂದೊಡನೆ ಮಾತ್ರ ಏನೋ ಇರಿಸುಮುರಿಸು. ಬೀಗುವವನು ತಾನು ಬೀಗುತ್ತಿದ್ದೇನೆಂದು ಸಾಮಾನ್ಯವಾಗಿ ಹೇಳಿಕೊಳ್ಳುವುದಿಲ್ಲ. ಹಾಗೆ ಹೇಳುವವರು ಪಕ್ಕದಲ್ಲಿ ನಿಂತು ಕಂಡವರು. ಮೊದಲನೆಯದು ದೇಹವನ್ನು, ಎರಡನೆಯದು ಮನಸ್ಸನ್ನು ಹೇಳಿದರೆ, ಮೂರನೆಯದು ನೋಡುಗರ ತೀರ್ಪನ್ನು ಹೇಳುತ್ತದೆ.

ಆದ್ದರಿಂದ ‘ವಾಕ್’ ಬಿಟ್ಟು ಕಣ್ಣಿಗೆ ಕಟ್ಟುವ ಕ್ರಿಯಾಪದ ಬಳಸಿ ಎಂಬ ಬರವಣಿಗೆ ಕೈಪಿಡಿಗಳ ಸಲಹೆ ಅರ್ಧ ಮಾತ್ರ ನಿಜ. ಪಾತ್ರದ ಕಣ್ಣಿನಿಂದಲೇ ಸಾಗುವ ಕಥೆಯಲ್ಲಿ ಆ ಪಾತ್ರಕ್ಕೇ ‘ಸ್ಟ್ರಟೆಡ್’ (ಎದೆಯುಬ್ಬಿಸಿ ನಡೆದ) ಬಳಸಿದರೆ ಚಿತ್ರ ಸ್ಫುಟವಾಗಬಹುದು, ದೃಷ್ಟಿಕೋನ ಮಾತ್ರ ಮುರಿಯುತ್ತದೆ.

ಈ ಗೆರೆಗಳು ಗಟ್ಟಿಯಾದವೆಂದು ನಾನು ವಾದಿಸುತ್ತಿಲ್ಲ. ‘ಶಫಲ್’ (ಕಾಲೆಳೆಯುತ್ತ ನಡೆ) ದೇಹಕ್ಕೂ ಮನಸ್ಸಿಗೂ ನಡುವೆ ನಿಲ್ಲುತ್ತದೆ. ‘ಸಾಂಟರ್’ ಕೆಲವೊಮ್ಮೆ ನಿರಾತಂಕವನ್ನು, ಕೆಲವೊಮ್ಮೆ ಉಡಾಫೆಯನ್ನು ಸೂಚಿಸುತ್ತದೆ. ವಯಸ್ಸಾದವರು ತಮ್ಮ ಹರೆಯ ನೆನೆದು ‘ಐ ಸ್ವ್ಯಾಗರ್ಡ್’ ಎಂದರೆ ಕಿವಿಗೆ ಚುಚ್ಚುವುದಿಲ್ಲ. ಆದರೆ ಅಲ್ಲಿ ಹೇಳುವವರು ಹಿಂದಿನ ತಮ್ಮನ್ನು ಬೇರೊಬ್ಬರಂತೆ ನೋಡುತ್ತಿದ್ದಾರೆ. ಹಾಗಾಗಿ ಈ ಅಪವಾದ ವಾದಕ್ಕೆ ಬೆಂಬಲವೇ ಆದೀತು.

ಇಲ್ಲಿನ ಆಧಾರ ಭಾಷಾಪ್ರಜ್ಞೆಯದು. ಬಳಕೆಯ ದೊಡ್ಡ ಪಠ್ಯಸಂಗ್ರಹಗಳಲ್ಲಿ ಉತ್ತಮ ಪುರುಷದ ಪ್ರಮಾಣವನ್ನು ಎಣಿಸಿ ಇದನ್ನು ಪರೀಕ್ಷಿಸಬೇಕು. ‘ಬೀಗುತ್ತ ನಡೆದ’ ಎಂದು ಬಗೆಯನ್ನು ಕೃದಂತಕ್ಕೆ ವಹಿಸುವ ಕನ್ನಡದಲ್ಲೂ ಇದೇ ವಿಭಜನೆ ನಿಲ್ಲುವುದೇ ಎಂಬುದು ತೆರೆದ ಪ್ರಶ್ನೆ.