ಸಂಬಳದ ದಿನದ ಸಾಲ

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚಿನ ಪತ್ರವೊಂದರಲ್ಲಿ 'ಪೇಡೇ ಲೋನ್' ಎಂಬ ಮಾತನ್ನು ಬಳಸಿ, "ಸರ್, ಇಂಥ ಸಾಲ ನಮ್ಮ ಕಡೆಯೂ ಇತ್ತೇ? ಇದರಿಂದ ಜನ ಹೊರಬಂದದ್ದು ಹೇಗೆ?" ಎಂದು ಕೇಳಿದ್ದಾರೆ. ಎರಡು ಸಾಲಿನ ಪ್ರಶ್ನೆ. ಉತ್ತರ ಮಾತ್ರ ನೂರೈವತ್ತು ವರ್ಷಗಳ ಚರಿತ್ರೆಯನ್ನು ಬೇಡುತ್ತದೆ. ಇತಿಹಾಸದ ಮೇಷ್ಟರನ್ನು ಕೇಳಿದ ಮೇಲೆ ಇಷ್ಟಾದರೂ ಅನುಭವಿಸಬೇಕು!

ಮೊದಲು ಸಾಲದ ಸ್ವರೂಪವನ್ನು ತಿಳಿಯೋಣ. ತಿಂಗಳ ಕೊನೆಯಲ್ಲಿ ಕೈ ಬರಿದಾದ ನೌಕರನಿಗೆ ಸಣ್ಣ ಮೊತ್ತವನ್ನು ಕೊಟ್ಟು, ಮುಂದಿನ ಸಂಬಳದ ದಿನವೇ ಬಡ್ಡಿ ಸಮೇತ ಪೂರ್ತಿ ಹಿಂದಕ್ಕೆ ಪಡೆಯುವ ವ್ಯವಹಾರವಿದು. 'ಪೂರ್ತಿ' ಎಂಬ ಪದವನ್ನು ದಯವಿಟ್ಟು ಗಮನಿಸಿ. ಇದರ ಕ್ರೌರ್ಯ ಬಡ್ಡಿಯ ದರದಲ್ಲಿರುವಷ್ಟೇ ಆ ಪದದಲ್ಲಿಯೂ ಇದೆ. ಕಳೆದ ತಿಂಗಳು ನೂರು ರೂಪಾಯಿ ಸಾಲದೆ ಹೋದವನ ಬಳಿ ಈ ತಿಂಗಳು ನೂರಿಪ್ಪತ್ತು ಹೆಚ್ಚುವರಿಯಾಗಿ ಎಲ್ಲಿಂದ ಬರಬೇಕು? ಅವನು ಬಡ್ಡಿಯನ್ನಷ್ಟೇ ತೆತ್ತು ಅಸಲನ್ನು ಮುಂದಿನ ಸಂಬಳಕ್ಕೆ ತಳ್ಳುತ್ತಾನೆ. ಲೇವಾದೇವಿಗಾರನ ನಿಜವಾದ ಲಾಭವಿರುವುದು ಈ ತಳ್ಳುವಿಕೆಯಲ್ಲಿ.

ಅಮೆರಿಕದ ನಗರಗಳಲ್ಲಿ ಈ ವ್ಯಾಪಾರ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೇರೂರಿತು. ಐದು ಡಾಲರ್ ಕೊಟ್ಟು ಸಂಬಳದ ದಿನ ಆರು ಡಾಲರ್ ಪಡೆಯುವುದು ಅಲ್ಲಿನ ರೂಢಿಯಾಗಿತ್ತು. ಅತಿಬಡ್ಡಿಯ ಕಾನೂನಿಗೆ ಸಿಗದಿರಲು ಅವರು, 'ನಾವು ಸಾಲ ಕೊಡುತ್ತಿಲ್ಲ, ಮುಂದೆ ಬರಲಿರುವ ಸಂಬಳವನ್ನು ಕೊಳ್ಳುತ್ತಿದ್ದೇವೆ' ಎಂದು ಕಾಗದ ಬರೆಸಿಕೊಳ್ಳುತ್ತಿದ್ದರು. ಡೇನಿಯಲ್ ಟೋಲ್ಮನ್ ಎಂಬಾತ ಹಲವಾರು ನಗರಗಳಲ್ಲಿ ಇಂಥ ಕಚೇರಿಗಳನ್ನು ನಡೆಸಿ, 1913ರಲ್ಲಿ ನ್ಯೂಯಾರ್ಕಿನಲ್ಲಿ ಸೆರೆಮನೆ ಸೇರಿದ. ಬಾಕಿದಾರನ ಕೆಲಸದ ಜಾಗಕ್ಕೇ ಹೋಗಿ ಎಲ್ಲರೆದುರು ಗಟ್ಟಿಯಾಗಿ ಛೀಮಾರಿ ಹಾಕಲೆಂದೇ ಸಂಬಳ ಪಡೆಯುವ ಹೆಂಗಸರೂ ಆ ಕಾಲದಲ್ಲಿದ್ದರು. ಮರ್ಯಾದೆಯನ್ನು ಒತ್ತೆಯಿಟ್ಟುಕೊಳ್ಳುವ ವಿದ್ಯೆ ಇಂದಿನ ಮೊಬೈಲ್ ಆ್ಯಪ್‌ಗಳ ಆವಿಷ್ಕಾರವೇನೂ ಅಲ್ಲ.

ಇದಕ್ಕೆ ಎದುರಾಗಿ ನಿಂತದ್ದು ರಸೆಲ್ ಸೇಜ್ ಪ್ರತಿಷ್ಠಾನ. ಇಲ್ಲೊಂದು ಸ್ವಾರಸ್ಯವಿದೆ. ರಸೆಲ್ ಸೇಜ್ ಎಂಬ ಧನಿಕ 1869ರಲ್ಲಿ ಅತಿಬಡ್ಡಿಯ ಕಾನೂನನ್ನು ಮುರಿದುದಕ್ಕಾಗಿ ತಾನೇ ದಂಡ ತೆತ್ತವನು. ಆತನ ವಿಧವೆ ಮಾರ್ಗರೆಟ್ ಒಲಿವಿಯಾ ಸೇಜ್ 1907ರಲ್ಲಿ ಆ ಹಣದಿಂದಲೇ ಸ್ಥಾಪಿಸಿದ ಸಂಸ್ಥೆ ಬಡವರ ಸಾಲದ ಸುಧಾರಣೆಗೆ ಕೈಹಾಕಿತು. ಆರ್ಥರ್ ಹ್ಯಾಮ್ ಎಂಬ ತರುಣನ ನೇತೃತ್ವದಲ್ಲಿ ನಡೆದ ಕೆಲಸದ ಫಲವಾಗಿ 1916ರಲ್ಲಿ ಸಣ್ಣ ಸಾಲಗಳ ಮಾದರಿ ಕಾನೂನೊಂದು ಸಿದ್ಧವಾಯಿತು. ಅದರಂತೆ 300 ಡಾಲರ್‌ವರೆಗಿನ ಸಾಲಕ್ಕೆ ತಿಂಗಳಿಗೆ ಶೇಕಡಾ 3.5ರವರೆಗೆ ಬಡ್ಡಿ ಪಡೆಯಬಹುದಿತ್ತು. ದರ ಕಡಿಮೆಯದೇನಲ್ಲ. ಆದರೆ ಬಡ್ಡಿಯನ್ನು ಉಳಿದಿರುವ ಬಾಕಿಯ ಮೇಲೆ ಮಾತ್ರ ಲೆಕ್ಕ ಹಾಕಬೇಕೆಂಬುದು ಅದರ ಜೀವಾಳ. ತೀರಿಸಿದಷ್ಟೂ ಸಾಲ ನಿಜವಾಗಿಯೇ ಕರಗಬೇಕು.

ನಮ್ಮಲ್ಲಿ ಇತ್ತೇ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಕಾರ್ಖಾನೆಗಳ ಬಾಗಿಲಲ್ಲಿ ಸಂಬಳದ ದಿನ ದೊಣ್ಣೆ ಹಿಡಿದು ನಿಲ್ಲುತ್ತಿದ್ದ ಕಾಬೂಲಿ ಲೇವಾದೇವಿಗಾರರ ವಿಷಯವನ್ನು 1931ರಲ್ಲಿ ವರದಿ ಕೊಟ್ಟ ವಿಟ್ಲೆ ಆಯೋಗ ದಾಖಲಿಸಿದೆ. ಅದರ ತರುವಾಯ, ಕೂಲಿಯ ಜಾಗದಲ್ಲಿ ಹೀಗೆ ಹೊಂಚುಹಾಕಿ ವಸೂಲು ಮಾಡುವುದನ್ನು ಅಪರಾಧವೆಂದು ಸಾರಿದ ಕಾನೂನು 1934ರಲ್ಲಿ ಬಂಗಾಳದಲ್ಲಿ ಬಂದಿತು. ಅದಕ್ಕೂ ಮೊದಲೇ, 1875ರ ದಖ್ಖಣದ ರೈತರ ದಂಗೆಯ ಫಲವಾಗಿ ಬಂದ 1879ರ ಕಾಯಿದೆಯು, ನ್ಯಾಯಾಧೀಶನು ಸಾಲಪತ್ರದ ಹಿಂದಿನ ಲೆಕ್ಕವನ್ನು ಕೆದಕಿ ನೋಡಬಹುದೆಂದೂ, ರೈತನ ಶಕ್ತಿಯನ್ನು ನೋಡಿ ಕಂತುಗಳನ್ನು ಗೊತ್ತುಮಾಡಬಹುದೆಂದೂ ವಿಧಿಸಿತ್ತು. ರಾಜಿ ಮಾಡಿಸುವವರನ್ನೂ ನೇಮಿಸಲು ಅವಕಾಶವಿತ್ತು.

ಕಾನೂನಿನ ಮಾತು ಹಾಗಿರಲಿ. ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಎಪ್ಪತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದ ಪ್ರೌಢಶಾಲೆಯ ಗೇಟಿನ ಪಕ್ಕದ ಕಟ್ಟೆಯ ಮೇಲೆ ಪ್ರತಿ ತಿಂಗಳೂ ಸಂಬಳದ ದಿನ ಒಬ್ಬ ಸಾಹುಕಾರರು ಕೂತಿರುತ್ತಿದ್ದರು. ನಮ್ಮ ಜವಾನರು (ಅವರ ಮನೆಯವರು ಇದನ್ನು ಓದಬಹುದಾದ್ದರಿಂದ ಹೆಸರು ಬೇಡ) ಮಗಳ ಬಾಣಂತನಕ್ಕೆಂದು ಅವರಿಂದ ಇನ್ನೂರು ರೂಪಾಯಿ ಪಡೆದಿದ್ದರು. ತಿಂಗಳಿಗೆ ಇಪ್ಪತ್ತು ರೂಪಾಯಿ ಬಡ್ಡಿ. ಹನ್ನೊಂದು ತಿಂಗಳಲ್ಲಿ ಇನ್ನೂರಿಪ್ಪತ್ತು ರೂಪಾಯಿ ಕಟ್ಟಿಯಾಗಿತ್ತು. ಅಸಲು ಇನ್ನೂರು ಹಾಗೆಯೇ ಉಳಿದಿತ್ತು. ನಮ್ಮ ಮುಖ್ಯೋಪಾಧ್ಯಾಯರಿಗೆ ಇದು ತಿಳಿದಾಗ ಅವರು ಸಾಹುಕಾರರನ್ನು ಆಫೀಸು ಕೋಣೆಗೆ ಕರೆಸಿ, ಕಾಫಿ ತರಿಸಿ, ಒಂದು ಬಿಳಿ ಹಾಳೆಯನ್ನು ಮುಂದಿಟ್ಟರು. ಅದರಲ್ಲಿ ಜವಾನರ ಮನೆಯ ಅಕ್ಕಿ, ರಾಗಿ, ಸೀಮೆಎಣ್ಣೆ, ಬಾಡಿಗೆ, ಮಕ್ಕಳ ಪುಸ್ತಕ ಎಲ್ಲವೂ ಇದ್ದವು. ಅಡಿಯಲ್ಲಿ ಉಳಿದದ್ದು ಇಪ್ಪತ್ತು ರೂಪಾಯಿ.

"ನೋಡಿ ಯಜಮಾನರೇ, ಈ ಇಪ್ಪತ್ತಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ. ಇಂದಿನಿಂದ ಇದು ಬಡ್ಡಿಗಲ್ಲ, ಅಸಲಿಗೆ. ಹತ್ತು ತಿಂಗಳಿಗೆ ಲೆಕ್ಕ ಚುಕ್ತಾ" ಎಂದರು. ಸಾಹುಕಾರರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಆಗ ಮುಖ್ಯೋಪಾಧ್ಯಾಯರು ಬಹು ಮೃದುವಾಗಿ, 1961ರ ಲೇವಾದೇವಿಗಾರರ ಕಾಯಿದೆಯ ಪ್ರಕಾರ ಪಡೆಯಬೇಕಾದ ಲೈಸೆನ್ಸನ್ನು ಒಮ್ಮೆ ನೋಡಬಹುದೇ ಎಂದು ವಿಚಾರಿಸಿದರು. ಕರಾರಿಗೆ ರುಜು ಬಿತ್ತು. ಜವಾನರು ಕಟ್ಟುತ್ತಿದ್ದ ಹಣ ಒಂದು ರೂಪಾಯಿಯೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಅದನ್ನು ಬರೆಯುವ ಕಲಮು ಮಾತ್ರ ಬದಲಾಯಿತು.

ಅಮೆರಿಕದಲ್ಲಿ ಹಳೆಯ ವ್ಯಾಪಾರ 1990ರ ದಶಕದಲ್ಲಿ ಮುಂದಿನ ತಾರೀಖಿನ ಚೆಕ್ಕಿನ ರೂಪದಲ್ಲಿ ಮರುಹುಟ್ಟು ಪಡೆಯಿತು. ನೂರು ಡಾಲರಿಗೆ ಎರಡು ವಾರಕ್ಕೆ ಹದಿನೈದು ಡಾಲರ್ ಶುಲ್ಕ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇಕಡಾ 390. ಇಂಥ ಐದು ಸಾಲಗಳಲ್ಲಿ ನಾಲ್ಕು ಹದಿನಾಲ್ಕು ದಿನಗಳೊಳಗೆ ಮುಂದೂಡಲ್ಪಡುತ್ತವೆ ಇಲ್ಲವೇ ಮತ್ತೊಂದು ಸಾಲಕ್ಕೆ ದಾರಿಯಾಗುತ್ತವೆಂದು ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2014ರಲ್ಲಿ ಹೇಳಿತು. ಕೊಲೊರಾಡೊ ರಾಜ್ಯ 2010ರಲ್ಲಿಯೇ ಒಂದು ಪ್ರಯೋಗ ಮಾಡಿತ್ತು: ಸಾಲ ತೀರಿಸಲು ಕನಿಷ್ಠ ಆರು ತಿಂಗಳ ಅವಧಿ ಕೊಡಲೇಬೇಕು. ಮೊದಲು ಒಂದು ಸಂಬಳದ ಶೇಕಡಾ 38ರಷ್ಟನ್ನು ನುಂಗುತ್ತಿದ್ದ ಮರುಪಾವತಿ ಶೇಕಡಾ 4ಕ್ಕೆ ಇಳಿಯಿತೆಂದು ಪ್ಯೂ ಸಂಸ್ಥೆಯ ಅಧ್ಯಯನ ತೋರಿಸಿತು. ಮುಂದೆ 2018ರಲ್ಲಿ ಅಲ್ಲಿನ ಮತದಾರರು ವಾರ್ಷಿಕ ದರವನ್ನೂ ಶೇಕಡಾ 36ಕ್ಕೆ ಮಿತಿಗೊಳಿಸಿದರು.

ಇನ್ನು ನನ್ನ ವಿದ್ಯಾರ್ಥಿಯ ಇಂಗ್ಲೆಂಡ್. ಅಲ್ಲಿ 'ವೋಂಗಾ' ಎಂಬ ಕಂಪನಿ ಈ ವ್ಯಾಪಾರಕ್ಕೆ ಪರ್ಯಾಯ ಪದವೇ ಆಗಿಬಿಟ್ಟಿತ್ತು. ಇಲ್ಲದ ವಕೀಲರ ಹೆಸರಿನಲ್ಲಿ ಬಾಕಿದಾರರಿಗೆ ಬೆದರಿಕೆಯ ಪತ್ರ ಕಳುಹಿಸಿದುದಕ್ಕಾಗಿ, 2014ರಲ್ಲಿ ಅದು ಸುಮಾರು 45,000 ಗ್ರಾಹಕರಿಗೆ 26 ಲಕ್ಷ ಪೌಂಡ್ ಪರಿಹಾರ ನೀಡಲು ಒಪ್ಪಬೇಕಾಯಿತು. 2015ರ ಜನವರಿಯಿಂದ ಹೊಸ ನಿಯಮ ಜಾರಿಗೆ ಬಂತು: ದಿನಕ್ಕೆ ಶೇಕಡಾ 0.8ಕ್ಕಿಂತ ಹೆಚ್ಚು ಬಡ್ಡಿ ಮತ್ತು ಶುಲ್ಕ ಕೂಡದು, ತಪ್ಪಿದರೆ ದಂಡ 15 ಪೌಂಡ್ ಮೀರಬಾರದು, ಬಡ್ಡಿ ಶುಲ್ಕಗಳೆಲ್ಲ ಸೇರಿ ಅಸಲಿನಷ್ಟಕ್ಕಿಂತ ಹೆಚ್ಚಾಗಬಾರದು. ಈ ಕೊನೆಯದನ್ನು ಓದಿದಾಗ ನನಗೆ ನಮ್ಮ 'ದಾಮ್‌ದುಪಟ್' ನೆನಪಾಯಿತು. ಒಮ್ಮೆಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಕೂಡದೆಂಬ ಈ ಧರ್ಮಶಾಸ್ತ್ರದ ನಿಯಮವನ್ನು ಮುಂಬಯಿ ಪ್ರಾಂತದ ನ್ಯಾಯಾಲಯಗಳು ಮನ್ನಿಸುತ್ತಿದ್ದವು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳು ಆಗ ಆ ಪ್ರಾಂತದಲ್ಲಿದ್ದವು. ಆದರೆ ದಾಮ್‌ದುಪಟ್ಟಿನಲ್ಲಿ ಒಂದು ಸಂದು ಇತ್ತು: ಬಡ್ಡಿಯನ್ನು ಆಗಾಗ್ಗೆ ಕಿತ್ತುಕೊಳ್ಳುತ್ತಿದ್ದರೆ ಮಿತಿ ತಾಗುತ್ತಿರಲಿಲ್ಲ. ನಮ್ಮ ಜವಾನರ ಗತಿ ಅದೇ ಆಗಿತ್ತಲ್ಲ! ಇಂಗ್ಲೆಂಡಿನ ನಿಯಮ ಆ ಸಂದನ್ನು ಮುಚ್ಚಿದೆ. ವೋಂಗಾ 2018ರ ಆಗಸ್ಟಿನಲ್ಲಿ ಮುಳುಗಿತು.

ಸಾಲಗಾರನೊಬ್ಬ ಇಂಥವರೊಡನೆ ಕರಾರು ಮಾಡಿಕೊಳ್ಳುವ ಬಗೆಯನ್ನು ಅಲ್ಲಿನ ಧರ್ಮಾರ್ಥ ಸಲಹಾ ಸಂಸ್ಥೆಗಳು ಒಂದು ಶಾಸ್ತ್ರವೆಂಬಂತೆ ರೂಪಿಸಿವೆ. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್ ಮೊದಲಾದವು ಇದಕ್ಕೆ ಶುಲ್ಕ ಪಡೆಯುವುದಿಲ್ಲ. ಮೊದಲು ಮನೆಯ ಆದಾಯ ವೆಚ್ಚದ ಪಟ್ಟಿ. ಬಾಡಿಗೆ, ತೆರಿಗೆ, ವಿದ್ಯುತ್ತು, ಊಟ, ಬಸ್ಸು ಇವು ಮುಂದೆ. ಸಂಬಳದ ಸಾಲ ಎಷ್ಟೇ ಜೋರು ಮಾಡಿದರೂ ಹಿಂದೆ. ಒಬ್ಬನ ಕೈಗೆ 1,250 ಪೌಂಡ್ ಬಂದು 1,210 ಖರ್ಚಾಗುತ್ತದೆಂದು ಇಟ್ಟುಕೊಳ್ಳಿ. ಉಳಿಯುವುದು 40. ಮೂವರಿಗೆ 400, 300, 100 ಪೌಂಡ್ ಬಾಕಿಯಿದ್ದರೆ ಈ ನಲವತ್ತನ್ನು 20, 15, 5 ಎಂದು ಸಾಲದ ಪ್ರಮಾಣಕ್ಕನುಗುಣವಾಗಿ ಹಂಚಿ, ಬಡ್ಡಿ ನಿಲ್ಲಿಸಬೇಕೆಂದು ಮೂವರಿಗೂ ಒಂದೇ ಪಟ್ಟಿಯ ಪ್ರತಿಯೊಡನೆ ಪತ್ರ ಬರೆಯುವುದು. ಇಪ್ಪತ್ತು ತಿಂಗಳಿಗೆ ಮೂರೂ ತೀರುತ್ತವೆ. ಯಾರು ಹೆಚ್ಚು ಕೂಗಾಡಿದರೋ ಅವರಿಗೆ ಹೆಚ್ಚು ಕೊಡುವ ಪ್ರಶ್ನೆಯೇ ಇಲ್ಲ. ಇದರ ಜೊತೆಗೆ, ಬ್ಯಾಂಕ್ ಖಾತೆಯಿಂದ ತಾವೇ ಹಣ ಎಳೆದುಕೊಳ್ಳಲು ಸಾಲ ಕೊಟ್ಟವರಿಗೆ ಕೊಟ್ಟಿರುವ ಅನುಮತಿಯನ್ನು ಬ್ಯಾಂಕಿಗೆ ತಿಳಿಸಿ ರದ್ದುಪಡಿಸಬೇಕು. ಇಲ್ಲವಾದರೆ ಬಾಡಿಗೆಯ ಹಣವೇ ಮೊದಲು ಮಾಯವಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2021ರ ಮೇ ತಿಂಗಳಿಂದ, ಸಲಹೆಗಾರರ ಮೂಲಕ ಅರ್ಜಿ ಹಾಕಿದವರಿಗೆ ಅರವತ್ತು ದಿನ ಉಸಿರಾಡುವ ಅವಕಾಶವನ್ನು ಕಾನೂನೇ ಕೊಡುತ್ತದೆ. ಆ ಅವಧಿಯಲ್ಲಿ ವಸೂಲಿಯೂ ಇಲ್ಲ, ಬಡ್ಡಿಯೂ ಬೆಳೆಯುವುದಿಲ್ಲ.

ಬೆಂಗಳೂರಿನಲ್ಲಿರುವ ನಿಮ್ಮಲ್ಲಿ ಕೆಲವರು ಮೊಬೈಲಿನ ಸಾಲಕ್ಕೆ ಸಿಕ್ಕಿಬಿದ್ದಿರುವುದು ನನ್ನ ಕಿವಿಗೂ ಬಿದ್ದಿದೆ. ನಾಚಿಕೆ ಬೇಡ. ಸಾಲಗಾರನ ಫೋನಿನಲ್ಲಿರುವ ಬಂಧುಮಿತ್ರರ ಸಂಖ್ಯೆಗಳಿಗೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿಯೇ ವಿಧಿಸಿದೆ. ಕಿರುಸಾಲದ ವಸೂಲಿಯಲ್ಲಿ ದೌರ್ಜನ್ಯ ನಡೆಸುವವರ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ನ್ಯಾಯಾಲಯದ ಡಿಕ್ರಿಯೇ ಆದರೂ, ಸಾಮಾನ್ಯ ಸಾಲಕ್ಕೆ ಸಂಬಳ ಜಪ್ತಿ ಮಾಡುವಾಗ ಮೊದಲ ಸಾವಿರ ರೂಪಾಯಿಯನ್ನೂ ಉಳಿದುದರ ಮೂರನೆಯ ಎರಡು ಪಾಲನ್ನೂ ಮುಟ್ಟುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮನ್ನು ನೋಡಿ. ನ್ಯಾಯಾಧೀಶರು ಬಿಟ್ಟುಕೊಡುವಷ್ಟನ್ನು ಯಾವುದೋ ಆ್ಯಪಿನ ಹುಡುಗನ ಫೋನ್ ಕರೆಗೆ ಹೆದರಿ ಕಳೆದುಕೊಳ್ಳಬೇಕಾಗಿಲ್ಲ. ಅಕ್ಕಿ ಬೇಳೆಯಿಂದ ಆರಂಭಿಸಿ ಒಂದು ಹಾಳೆಯಲ್ಲಿ ಪಟ್ಟಿ ಬರೆಯಿರಿ. ಕೂಡಿಸಿ ಕಳೆಯುವುದರಲ್ಲಿ ತೊಡಕಾದರೆ ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ನಾನು ಮನೆಯಲ್ಲಿಯೇ ಇರುತ್ತೇನೆ. ಸಾಲದ ಕಾಗದಗಳನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಜೊತೆಗೆ ತನ್ನಿ.