ಹಡಿ, ಹಳಿ, ಹಲಿ: ಆಯುಃಕರ್ಮದ ದೃಷ್ಟಾಂತಶಬ್ದವೊಂದರ ವಿಚಾರ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಕರ್ಮಕಾಂಡದಲ್ಲಿ ಇಪ್ಪತ್ತೊಂದನೆಯ ಗಾಥೆಯು ಎಂಟು ಮೂಲಪ್ರಕೃತಿಗಳ ಸ್ವಭಾವವನ್ನು ಎಂಟು ದೃಷ್ಟಾಂತಗಳಿಂದ ತಿಳಿಸುತ್ತದೆ. ಜ್ಞಾನಾವರಣಕ್ಕೆ ಪಟ, ದರ್ಶನಾವರಣಕ್ಕೆ ಪ್ರತೀಹಾರ, ವೇದನೀಯಕ್ಕೆ ಅಸಿ, ಮೋಹನೀಯಕ್ಕೆ ಮದ್ಯ, ನಾಮಕ್ಕೆ ಚಿತ್ರಕಾರ, ಗೋತ್ರಕ್ಕೆ ಕುಲಾಲ, ಅಂತರಾಯಕ್ಕೆ ಭಾಂಡಾಗಾರಿಕ ಎಂಬಿವು ಪಾಠಶಾಲೆಯ ಬಾಲಕರಿಗೂ ಕಂಠಸ್ಥವಾದವು. ಐದನೆಯದಾದ ಆಯುಃಕರ್ಮಕ್ಕೆ ಹೇಳಿದ ದೃಷ್ಟಾಂತದ ಶಬ್ದವು ಮುದ್ರಿತ ಪಾಠದಲ್ಲಿ 'ಹಲಿ' ಎಂದು ಕಾಣುತ್ತದೆ. ಇದಕ್ಕೆ ಕನ್ನಡದಲ್ಲಿ ಸಾಧಾರಣವಾಗಿ 'ಸಂಕೋಲೆ' ಎಂದು ಅರ್ಥ ಹೇಳಿ ಮುಂದೆ ಸಾಗುವುದು ರೂಢಿ. ಅರ್ಥವು ಸ್ಥೂಲವಾಗಿ ತಪ್ಪಲ್ಲ. ಆದರೆ ಹಲಿ ಎಂದರೆ ಸಂಕೋಲೆ ಹೇಗಾಯಿತು, ಅದು ಸಂಕೋಲೆಯೇ ಅಹುದೇ ಎಂಬುದನ್ನು ವಿಚಾರಿಸಬೇಕಾಗಿದೆ. ಏಕೆಂದರೆ ದೃಷ್ಟಾಂತವು ಸಡಿಲವಾದರೆ ದಾರ್ಷ್ಟಾಂತಿಕವೂ ಸಡಿಲವಾಗುತ್ತದೆ.

ಗಾಥೆಯ ಸಂಕ್ಷೇಪವೇ ಇಲ್ಲಿ ತೊಡಕಿಗೆ ಕಾರಣ. ಅಲ್ಲಿ ಬರಿಯ ನಾಮಪದಗಳಿವೆ, ವಿಶೇಷಣಗಳಿಲ್ಲ. 'ಅಸಿ' ಎಂದಷ್ಟೇ ಇರುವಲ್ಲಿ ಜೇನು ಸವರಿದ ಖಡ್ಗವೆಂದು ವ್ಯಾಖ್ಯಾನದಿಂದ ತುಂಬಿಕೊಳ್ಳಬೇಕು. ಹಾಗಿರುವಾಗ ಒಂದು ನಾಮಪದದ ಅಕ್ಷರವೊಂದು ಕದಲಿದರೆ ಅದನ್ನು ನೆಟ್ಟಗೆ ನಿಲ್ಲಿಸುವ ಬೇರೆ ಪದ ಗಾಥೆಯೊಳಗಿಲ್ಲ. ಸಂಸ್ಕೃತ ಬಲ್ಲವನು 'ಹಲಿ' ಎಂಬುದನ್ನು ಕಂಡೊಡನೆ ಅವನ ಮನಸ್ಸು ಹಲವನ್ನು, ಎಂದರೆ ನೇಗಿಲನ್ನು, ಇಲ್ಲವೆ ಹಲಾಯುಧನಾದ ಬಲದೇವನನ್ನು ನೆನೆಯುತ್ತದೆ. ಪ್ರತೀಹಾರ, ಚಿತ್ರಕಾರ, ಕುಲಾಲ, ಭಾಂಡಾಗಾರಿಕ ಎಂದು ಗಾಥೆಯಲ್ಲಿ ನಾಲ್ವರು ವೃತ್ತಿಯವರೇ ಇರುವುದರಿಂದ ಅವರ ಸಾಲಿನಲ್ಲಿ ಉಳುವವನೊಬ್ಬನು ನಿಂತರೆ ಅಸಂಗತವೆಂದೂ ತೋರದು. ಆದರೆ ಉಳುವವನು ಆಯುಃಕರ್ಮಕ್ಕೆ ಏನು ಹೋಲಿಕೆ? ಬಿತ್ತುವುದು, ಬೆಳೆಯುವುದು ಆಯುಸ್ಸಿನ ಕಾರ್ಯವಲ್ಲ. ವ್ಯಾಖ್ಯಾನಪರಂಪರೆಯು ಬಂಧನವೆಂಬ ಅರ್ಥವನ್ನು ಕೈಬಿಡದೆ ಕಾಪಾಡಿಕೊಂಡು ಬಂದುದರಿಂದ ಈ ಅನರ್ಥ ತಪ್ಪಿದೆ. ಶಬ್ದವು ಸೋತ ಕಡೆ ಸಂಪ್ರದಾಯವು ಅರ್ಥವನ್ನು ಉಳಿಸಿದುದಕ್ಕೆ ಇದೊಂದು ನಿದರ್ಶನ.

ಶಬ್ದದ ಮೂಲರೂಪಕ್ಕೆ ಮೊದಲ ಸುಳಿವು ಶ್ವೇತಾಂಬರ ಕರ್ಮಸಾಹಿತ್ಯದಲ್ಲಿ ದೊರೆಯುತ್ತದೆ. ಹದಿಮೂರನೆಯ ಶತಮಾನದ ದೇವೇಂದ್ರಸೂರಿಯ ಕರ್ಮವಿಪಾಕವು ಆಯುಃಕರ್ಮವನ್ನು 'ಹಡಿ'ಗೆ ಸದೃಶವೆನ್ನುತ್ತದೆ. ದೃಷ್ಟಾಂತ ಒಂದೇ, ಸ್ಥಾನ ಒಂದೇ, ಭೇದವಿರುವುದು ಡಕಾರ-ಲಕಾರಗಳಲ್ಲಿ ಮಾತ್ರ. ಈ 'ಹಡಿ' ಶಬ್ದವು ಅರ್ಧಮಾಗಧೀ ಅಂಗಗಳಲ್ಲಿ ಹಲವೆಡೆ ಬಂದಿದೆ. ಆ ಗ್ರಂಥಗಳ ಪ್ರಾಮಾಣ್ಯದ ಚರ್ಚೆ ಇಲ್ಲಿ ಅಪ್ರಸ್ತುತ. ಶಬ್ದವೊಂದು ಯಾವ ವಸ್ತುವಿಗೆ ಹೆಸರಾಗಿತ್ತು ಎಂಬುದಕ್ಕೆ ಮಾತ್ರ ಅವನ್ನು ಸಾಕ್ಷಿಯಾಗಿ ಕರೆಯುತ್ತೇವೆ.

ಸೂತ್ರಕೃತಾಂಗದ ಎರಡನೆಯ ಶ್ರುತಸ್ಕಂಧದಲ್ಲಿ ಕ್ರೂರನಾದ ಒಡೆಯನು ತನ್ನ ಆಳುಗಳಿಗೆ ಅಲ್ಪಾಪರಾಧಕ್ಕೆ ವಿಧಿಸುವ ದಂಡನೆಗಳ ಪಟ್ಟಿಯೊಂದಿದೆ. ಅಲ್ಲಿ ಅಂದುಬಂಧನ, ನಿಯಲಬಂಧನ, ಹಡಿಬಂಧನ, ಚಾರಗಬಂಧನ ಎಂದು ಬೇರೆ ಬೇರೆ ಹೇಳಿದೆ. ಯಾಕೋಬಿಯವರು 1895ರಲ್ಲಿ ಪ್ರಕಟವಾದ ತಮ್ಮ ಅನುವಾದದಲ್ಲಿ ಹಡಿಬಂಧನಕ್ಕೆ ಕಾಲು ಸಿಕ್ಕಿಸುವ ಮರದ ಕೋಳವೆಂಬ ಅರ್ಥವನ್ನೇ ಕೊಟ್ಟಿದ್ದಾರೆ. ಇದಕ್ಕಿಂತಲೂ ಬಲವಾದ ಸಾಕ್ಷ್ಯವು ವಿಪಾಕಶ್ರುತದ್ದು. ಅದರ ದುಃಖವಿಪಾಕದ ಆರನೆಯ ಅಧ್ಯಯನದಲ್ಲಿ ಸಿಂಹಪುರದ ಸಿಂಹರಥರಾಜನ ಚಾರಕಪಾಲನಾದ, ಎಂದರೆ ಸೆರೆಮನೆಯ ಅಧಿಕಾರಿಯಾದ, ದುರ್ಯೋಧನನೆಂಬವನ ಉಪಕರಣಸಂಗ್ರಹವು ವರ್ಣಿತವಾಗಿದೆ. (ಇವನು ಕುರುಕುಲದ ದುರ್ಯೋಧನನಲ್ಲವೆಂದು ಬೇರೆ ಹೇಳಬೇಕಾಗಿಲ್ಲ.) ಅಲ್ಲಿ ಹಸ್ತಾಂದುಕ, ಪಾದಾಂದುಕ, ಹಡಿ, ನಿಯಲ, ಸಂಕಲ ಎಂಬಿವು ರಾಶಿರಾಶಿಯಾಗಿ ಕೂಡಿಟ್ಟಿದ್ದುವೆಂದು ಹೇಳಿದೆ. ಉಗ್ರಾಣದಲ್ಲಿ ಬೇರೆ ಬೇರೆ ಹೆಸರಿನ ರಾಶಿಗಳಿದ್ದರೆ ಅವು ಬೇರೆ ಬೇರೆ ವಸ್ತುಗಳೇ ಆಗಬೇಕು. ಆಗಮದ ವರ್ಣನೆಗಳಲ್ಲಿ ಪರ್ಯಾಯಪದಗಳನ್ನು ಪೋಣಿಸುವ ವಾಡಿಕೆ ಉಂಟಾದರೂ ಕೈಗೆ ಒಂದು, ಕಾಲಿಗೆ ಒಂದು ಎಂದು ವಿಂಗಡಿಸಿ ಹೇಳಿರುವ ಈ ಸಾಲನ್ನು ಬರಿಯ ಪರ್ಯಾಯಮಾಲೆಯೆಂದು ತಳ್ಳಿಹಾಕಲಾಗದು.

ಈ ಶಬ್ದಗಳಲ್ಲಿ ಹಡಿಯ ಹೊರತು ಉಳಿದುವೆಲ್ಲ ಸಂಸ್ಕೃತಕ್ಕೂ ಪರಿಚಿತವಾದವು, ಕನ್ನಡಕ್ಕೂ ಬಂದಿಳಿದವು. ಅಮರಸಿಂಹನು ಶೃಂಖಲಾ, ಅಂದುಕ, ನಿಗಡಗಳನ್ನು ಕ್ಷತ್ರಿಯವರ್ಗದಲ್ಲಿ ಆನೆಯ ಸಾಮಗ್ರಿಗಳ ನಡುವೆ, ಅಂಕುಶದ ಹಿಂದೆಯೇ, ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಆನೆಯ ಕಾಲಿನ ಕಟ್ಟು ಮನುಷ್ಯನ ಕಾಲಿಗೂ ಬಂತೆಂದು ಭಾವಿಸಬಹುದು. ಅಂದುಕದಿಂದ ನಮ್ಮ 'ಅಂದುಗೆ' ಹುಟ್ಟಿದೆ. ಬಂಧಿಯ ಕಾಲಿನ ಬಳೆಯ ಹೆಸರು ಸ್ತ್ರೀಯರ ಕಾಲಿನ ಆಭರಣಕ್ಕೆ ಸಂದುದು ವಿನೋದವೆನಿಸಿದರೂ ಆಕೃತಿಸಾಮ್ಯದಿಂದ ಆದುದು. ಶೃಂಖಲೆಯು ಪ್ರಾಕೃತದಲ್ಲಿ ಖಕಾರಕ್ಕೆ ಕಕಾರವನ್ನು ತಳೆದು 'ಸಂಕಲಾ' ಎಂದಾಗಿ ಕನ್ನಡದಲ್ಲಿ ಸಂಕಲೆ, ಸಂಕೋಲೆಗಳಾಯಿತು. ಸಂಸ್ಕೃತದಿಂದ ನೇರವಾಗಿ ಬಂದಿದ್ದರೆ ಖಕಾರದ ಸುಳಿವು ಉಳಿಯುತ್ತಿತ್ತು. ಇದು ಪ್ರಾಕೃತದ ಬಾಗಿಲಿನಿಂದ ಬಂದ ಶಬ್ದ. ನಿಗಡವು ಪ್ರಾಕೃತದಲ್ಲಿ ನಿಯಲ, ಕನ್ನಡದಲ್ಲಿ ನಿಗಳ.

ಅಮರನು ಒಟ್ಟಿಗೆ ಹೇಳಿದ ಮಾತ್ರಕ್ಕೆ ಶೃಂಖಲಾ-ನಿಗಡಗಳು ಒಂದೇ ಎನ್ನಲಾಗದೆಂಬುದಕ್ಕೆ ದಿನವೂ ಪಠಿಸುವ ಭಕ್ತಾಮರವೇ ಸಾಕ್ಷಿ. ನಮ್ಮ ಪಾಠದ ನಲವತ್ತಾರನೆಯದಾದ ಬಂಧನಭಯದ ಶ್ಲೋಕದಲ್ಲಿ ಮಾನತುಂಗಾಚಾರ್ಯರು ಪಾದದಿಂದ ಕಂಠದವರೆಗೆ ಮೈಯನ್ನು ಸುತ್ತಿದ್ದು ಶೃಂಖಲೆಯೆಂದೂ, ಮೊಣಕಾಲ ಕೆಳಗಿನ ಜಂಘೆಯನ್ನು ತಿಕ್ಕಿ ಗಾಯಮಾಡಿದ್ದು ನಿಗಡದ ಅಂಚೆಂದೂ ವಿಂಗಡಿಸಿದ್ದಾರೆ. ಶೃಂಖಲೆ ಕೊಂಡಿ ಕೊಂಡಿಯಾಗಿ ಸುತ್ತುವ ಸರಪಣಿ. ನಿಗಡ ಕಾಲಿಗೆ ತೊಡಿಸುವ ಗಟ್ಟಿಯಾದ ಬಳೆ, ಈಗಿನ ಮಾತಿನಲ್ಲಿ ಬೇಡಿ. ನಿರಯಾವಲಿಕಾ ಸೂತ್ರದಲ್ಲಿ ಕೂಣಿಕನು ತಂದೆಯಾದ ಶ್ರೇಣಿಕನನ್ನು ಇರಿಸುವುದು ನಿಯಲಬಂಧನದಲ್ಲಿ. ಪಶ್ಚಾತ್ತಾಪಗೊಂಡು ಅದನ್ನು ಕಡಿಯಲು ಕೊಡಲಿ ಹಿಡಿದು ಬರುತ್ತಾನೆ. ಕೊಡಲಿಯನ್ನು ಕಂಡು ಕೊಲ್ಲಲು ಬಂದನೆಂದು ಶ್ರೇಣಿಕನು ಬಗೆದ ಕಥೆ ಪ್ರಸಿದ್ಧವೇ ಇದೆ.

ಇನ್ನು ಹಡಿ. ಇದು ಲೋಹದ್ದಲ್ಲ, ಮರದ್ದು. ಪ್ರಾಕೃತಕೋಶಕಾರರು ಇದನ್ನು ಕಾಷ್ಠಬಂಧನವಿಶೇಷವೆಂದೇ ನಿರ್ದೇಶಿಸಿದ್ದಾರೆ. ಹಿಂದೀ ವಿವರಣೆಗಳಲ್ಲಿ ಬರುವ 'ಖೋಡಾ' ಎಂಬುದೂ ಇದೇ. ಭಾರವಾದ ಎರಡು ತೊಲೆಗಳ ಅಂಚಿನಲ್ಲಿ ಅರ್ಧವೃತ್ತದ ಕಚ್ಚುಗಳನ್ನು ಕೊರೆದು, ಬಂಧಿಯ ಕಾಲನ್ನು ನಡುವೆ ಇರಿಸಿ, ಮೇಲಿನ ತೊಲೆಯನ್ನು ಕೂಡಿಸಿ ಬಿಗಿದರೆ ಅವನು ಕುಳಿತಲ್ಲಿಂದ ಕದಲಲಾರನು. ನಿಗಳ ತೊಟ್ಟವನು ಕುಂಟುತ್ತಲಾದರೂ ನಡೆಯಬಹುದು, ಸರಪಣಿ ಹೊತ್ತವನನ್ನು ಬೀದಿಯಲ್ಲಿ ಎಳೆದೊಯ್ಯಬಹುದು. ಹಡಿಯಲ್ಲಿ ಸಿಕ್ಕಿದವನಿಗೆ ಅವಧಿ ಮುಗಿಯುವವರೆಗೆ ಅದೇ ಸ್ಥಳ. ಈ ಭೇದವನ್ನು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

ಅಮರಕೋಶದ ಆ ಸಾಲಿನಲ್ಲಿ ಹಡಿ ಇಲ್ಲ. ಆದರೆ ಬೌದ್ಧರ ದಿವ್ಯಾವದಾನದಲ್ಲಿ ಹಡಿ-ನಿಗಡಗಳೆರಡೂ ಜೊತೆಯಾಗಿ ಬಂದಿವೆ. ಅದು ಸಂಸ್ಕೃತದಲ್ಲಿ ಬರೆದ ಗ್ರಂಥವಾದರೂ ನಿಗಡವನ್ನು ಸಂಸ್ಕೃತರೂಪದಲ್ಲಿಟ್ಟು ಹಡಿಯನ್ನು ಇದ್ದಂತೆಯೇ ಇರಿಸಿಕೊಂಡಿದೆ. ಅದಕ್ಕೆ ಸಮನಾದ ಸಂಸ್ಕೃತಪದವು ಬರೆದವರ ಕೈಗೆ ಒದಗಲಿಲ್ಲವೆಂದೇ ತಿಳಿಯಬೇಕು. ಧಾತುವಿನಿಂದ ಸಾಧಿಸಲು ಬಾರದ ಈ ಶಬ್ದವನ್ನು ದೇಶ್ಯವೆಂದು ಎಣಿಸುವುದೇ ಯುಕ್ತ. ದೇಶ್ಯವೆಂದೊಡನೆ ಕನ್ನಡಿಗರಾದ ನಮಗೆ ಒಂದು ಆಸೆ ಹುಟ್ಟಬಹುದು. ಹಳಗನ್ನಡದಲ್ಲಿ 'ಪಡಿ' ಎಂದರೆ ಕದ, ಮರದ ಹಲಗೆಯ ಬಾಗಿಲು. ಅದರ ನಡುಗನ್ನಡ ರೂಪ 'ಹಡಿ'. ಮರದ ಹಲಗೆಗೂ ಮರದ ಬಂಧನಕ್ಕೂ ಅರ್ಥ ಹೊಂದುವುದಲ್ಲವೇ? ಹೊಂದಬಹುದು, ಕಾಲ ಹೊಂದದು. ಕನ್ನಡದಲ್ಲಿ ಪಕಾರವು ಹಕಾರವಾಗತೊಡಗಿದ್ದು ಸುಮಾರು ಹತ್ತನೆಯ ಶತಮಾನದ ಹೊತ್ತಿಗೆ. ದಿವ್ಯಾವದಾನ, ಅಂಗಗ್ರಂಥಗಳು ಅದಕ್ಕೆ ಬಹಳ ಹಿಂದಿನವು. ಕನ್ನಡದಿಂದ ಹೋಗಿದ್ದರೆ ಅಲ್ಲಿ 'ಪಡಿ' ಎಂದೇ ಇರಬೇಕಾಗಿತ್ತು. ಧ್ವನಿಸಾಮ್ಯವೊಂದನ್ನೇ ನೆಚ್ಚಿ ಪ್ರಾಕೃತದ ದೇಶ್ಯಗಳನ್ನೆಲ್ಲ ದ್ರಾವಿಡಕ್ಕೆ ಸೇರಿಸುವ ಉತ್ಸಾಹವು ಈಚೆಗೆ ಹೆಚ್ಚಾಗಿರುವುದರಿಂದ ಇಷ್ಟನ್ನು ಹೇಳಬೇಕಾಯಿತು.

ಹಾಗಾದರೆ ಹಡಿಯು ಗೊಮ್ಮಟಸಾರದಲ್ಲಿ ಹಲಿ ಆದದ್ದು ಹೇಗೆ? ಸ್ವರಗಳ ನಡುವಣ ಡಕಾರವು ಪ್ರಾಕೃತದಲ್ಲಿ ಪ್ರಾಯಿಕವಾಗಿ ಲಕಾರವಾಗುವುದನ್ನು ಹೇಮಚಂದ್ರನು ವಿಧಿಸಿದ್ದಾನೆ. ಗರುಡವು ಗರುಲ, ತಡಾಗವು ತಲಾಯ, ದಾಡಿಮವು ವಿಕಲ್ಪದಿಂದ ದಾಲಿಮ. ಈ ನಿಯಮದಿಂದಲೇ ಹಡಿಗೆ ಹಲಿ ಎಂಬ ರೂಪಾಂತರ ಸಿದ್ಧಿಸುತ್ತದೆ. ಗಾಥೆಯ ಪಾಠವು ಅಶುದ್ಧವೆನ್ನಲು ಕಾರಣವಿಲ್ಲ. ಆದರೆ ನಮ್ಮ ಗ್ರಂಥಗಳ ಲಿಪಿಚರಿತ್ರೆಯನ್ನು ಬಲ್ಲವರು ಇಲ್ಲಿ ಇನ್ನೊಂದು ಮೆಟ್ಟಿಲನ್ನು ಗುರುತಿಸದೆ ಇರರು. ದಕ್ಷಿಣದ ಲಿಪಿಗಳಲ್ಲಿ ಬರೆದ ಪ್ರಾಕೃತ ಪ್ರತಿಗಳಲ್ಲಿ ಇಂಥ ಕಡೆ ಬರುವುದು ಲಕಾರವಲ್ಲ, ಳಕಾರ. ಪಿಶೆಲ್ ಅವರೂ ತಮ್ಮ ಪ್ರಾಕೃತ ವ್ಯಾಕರಣದಲ್ಲಿ ಇದನ್ನು ಗಮನಿಸಿದ್ದಾರೆ. ಕನ್ನಡದ ನಾಲಗೆಗೂ ಇದು ಸಹಜ: ನಿಗಡವು ನಿಗಳ, ದಾಡಿಮವು ದಾಳಿಂಬ. ಗೊಮ್ಮಟಸಾರವು ಚಾಮುಂಡರಾಯನ ನಿಮಿತ್ತವಾಗಿ ಹತ್ತನೆಯ ಶತಮಾನದಲ್ಲಿ ಕನ್ನಡನಾಡಿನಲ್ಲಿಯೇ ರಚಿತವಾದ ಗ್ರಂಥ. ಅದರ ವಿಸ್ತಾರವಾದ ವೃತ್ತಿಯನ್ನು ಕೇಶವಣ್ಣ ಅಥವಾ ಕೇಶವವರ್ಣಿಯು 1359ರಲ್ಲಿ ಸಂಸ್ಕೃತಮಿಶ್ರವಾದ ಕನ್ನಡದಲ್ಲಿ ಬರೆದನೆಂದೂ, ಸಂಸ್ಕೃತ ಜೀವತತ್ತ್ವಪ್ರದೀಪಿಕೆಯು ಅದನ್ನು ಅನುಸರಿಸಿ ಆಮೇಲೆ ಆದುದೆಂದೂ ಡಾ. ಆ. ನೇ. ಉಪಾಧ್ಯೆಯವರು ಸಪ್ರಮಾಣವಾಗಿ ತೋರಿಸಿದ್ದಾರೆ. ಮೂಲವೂ ವೃತ್ತಿಯೂ ಹೀಗೆ ಕನ್ನಡ ಲಿಪಿಯ ಓಲೆಗಳಲ್ಲಿ ಸಂಚರಿಸಿ ಉತ್ತರಕ್ಕೆ ಹೋದವು. ದೇವನಾಗರಿಗೆ ಇಳಿಸುವಾಗ, ಹಿಂದೀ ಪ್ರದೇಶದ ಲಿಪಿಕಾರರಿಗೆ ಳಕಾರವು ರೂಢಿಯಲ್ಲಿಲ್ಲವಾದುದರಿಂದ, ಅದು ಲಕಾರವಾಗಿ ಉಳಿಯುವುದು ಸ್ವಾಭಾವಿಕ. ಆದಕಾರಣ ಹಡಿ, ಹಳಿ, ಹಲಿ ಎಂಬುದು ಈ ಶಬ್ದವು ನಡೆದುಬಂದ ಕ್ರಮವೆಂದು ನಮ್ಮ ಅಭಿಪ್ರಾಯ. ನಡುವಣ 'ಹಳಿ'ಯು ಕಣ್ಮರೆಯಾದುದರಿಂದಲೇ ನೇಗಿಲಿನ ಭ್ರಮೆಗೆ ಎಡೆಯಾದುದು. ಹಳಿ ಎಂದಿದ್ದಲ್ಲಿ ಸಂಸ್ಕೃತದ ಹಲವು ಯಾರ ನೆನಪಿಗೂ ಅಷ್ಟು ಬೇಗ ಬಾರದು.

ಇಷ್ಟೆಲ್ಲ ಶ್ರಮಪಟ್ಟು ಮರದ ಕೋಳವೆಂದು ಸಾಧಿಸಿದರೆ ಸಿದ್ಧಾಂತಕ್ಕೆ ಪ್ರಯೋಜನವೇನು ಎಂದು ಕೇಳಬಹುದು. ಪ್ರಯೋಜನವುಂಟು. ಸಂಕೋಲೆಯೆಂಬ ಸಾಮಾನ್ಯ ಬಂಧನವು ಎಂಟು ಕರ್ಮಗಳಿಗೂ ಹೋಲುತ್ತದೆ; ಬಂಧವೆಂಬುದು ಕರ್ಮಮಾತ್ರದ ಲಕ್ಷಣವಷ್ಟೆ. ಆಯುಸ್ಸಿಗೆ ಪ್ರತ್ಯೇಕವಾದ ದೃಷ್ಟಾಂತ ಬೇಕಾದರೆ ಅದು ಆಯುಸ್ಸಿನ ಅಸಾಧಾರಣ ಕಾರ್ಯವನ್ನು ತೋರಿಸಬೇಕು. ಆ ಕಾರ್ಯವೆಂದರೆ ಜೀವನನ್ನು ಒಂದು ಭವದಲ್ಲಿ ನಿಯತಕಾಲ ತಡೆದು ನಿಲ್ಲಿಸುವುದು. ಆಯುಸ್ಸು ಸುಖದುಃಖಗಳನ್ನು ಕೊಡದು, ಅದು ವೇದನೀಯದ ಕೆಲಸ. ಶರೀರವನ್ನು ರೂಪಿಸದು, ಅದು ನಾಮದ ಕೆಲಸ. ಹಡಿಯೂ ಹಾಗೆಯೇ ಹೊಡೆಯುವುದಿಲ್ಲ, ಸುಡುವುದಿಲ್ಲ, ಹಿಡಿದುಕೊಂಡಿರುತ್ತದೆ. ಆಯುಸ್ಸನ್ನು ಭವವಿಪಾಕಿ ಎಂದು ಶಾಸ್ತ್ರಕಾರರು ಬೇರೆಯಾಗಿ ಎಣಿಸಿದುದರ ಭಾವವು ಈ ಒಂದು ಪದದಲ್ಲಿ ಅಡಗಿದೆ. ದೇವಾಯುವಿಗೂ ಇದೇ ದೃಷ್ಟಾಂತವೆಂಬುದನ್ನು ಮರೆಯಬಾರದು. ಸ್ವರ್ಗದಲ್ಲಿರುವವನೂ ಹಡಿಯಲ್ಲಿಯೇ ಇದ್ದಾನೆ, ಹೊರಡಬೇಕೆಂದಾಗ ಹೊರಡಲಾರನು.

ಇನ್ನೂ ಒಂದು ಸೂಕ್ಷ್ಮವಿದೆ. ಉತ್ತರಪ್ರಕೃತಿಗಳಿಗೆ ಸಜಾತೀಯಗಳಲ್ಲಿ ಸಂಕ್ರಮಣವುಂಟು. ನಾಲ್ಕು ಆಯುಗಳಿಗೆ ಪರಸ್ಪರ ಸಂಕ್ರಮಣವಿಲ್ಲ. ಸಮ್ಯಕ್ತ್ವಕ್ಕೆ ಮೊದಲೇ ನರಕಾಯುವನ್ನು ಕಟ್ಟಿಕೊಂಡ ಶ್ರೇಣಿಕಮಹಾರಾಜನ ಸ್ಥಿತಿಯು ಕ್ಷಾಯಿಕ ಸಮ್ಯಕ್ತ್ವದ ಬಲದಿಂದ ಏಳನೆಯ ನರಕದ ಮೂವತ್ತಮೂರು ಸಾಗರೋಪಮದಿಂದ ಮೊದಲನೆಯ ನರಕದ 84,000 ವರ್ಷಗಳಿಗೆ ಇಳಿಯಿತು. ಆದರೆ ನರಕಾಯುವು ದೇವಾಯುವಾಗಲಿಲ್ಲ. ಶಿಕ್ಷೆಯ ಅವಧಿ ಕಡಮೆಯಾಗಬಹುದು, ಕಾಲು ಸಿಕ್ಕಿದ ಹಡಿ ಬದಲಾಗದು. ಮಗನು ತೊಡಿಸಿದ ನಿಯಲವನ್ನು ಕಡಿಯಲು ಕೊಡಲಿಯಾದರೂ ಬಂತು. ಸರಪಣಿಯ ದೃಷ್ಟಾಂತವನ್ನು ಇಟ್ಟುಕೊಂಡು ಈ ನಿಯಮವನ್ನು ಶಿಷ್ಯರಿಗೆ ಮನಗಾಣಿಸುವುದು ಕಷ್ಟ. ಒಂದು ಸರಪಣಿಯನ್ನು ಬಿಚ್ಚಿ ಇನ್ನೊಂದನ್ನು ತೊಡಿಸುವುದು ಸೆರೆಮನೆಯಲ್ಲಿ ದಿನವೂ ನಡೆಯುವಂಥದು.

ಕನ್ನಡದಲ್ಲಿ ಇದಕ್ಕೆ ಯಾವ ಪದವನ್ನು ಬಳಸಬೇಕು? ನಿಗಳ, ಸಂಕೋಲೆ, ಬೇಡಿಗಳು ಲೋಹದ ಬಂಧನಗಳಾದುದರಿಂದ ಒಗ್ಗವು. 'ಸೆಱೆ' ಸ್ಥಳವನ್ನು ಹೇಳುತ್ತದೆ, ಸಾಧನವನ್ನಲ್ಲ. 'ಕೋಳ' ಎಂಬುದು ಕೈಕೋಳದಲ್ಲಿ ಇಂದಿಗೂ ಬಳಕೆಯಲ್ಲಿದೆ. ಕೊಳ್ ಧಾತುವಿನಿಂದ, ತುಱುಗೋಳಿನ 'ಕೋಳ್'ಗೆ ಸಮೀಪವಾಗಿ, ಹಿಡಿದುಕೊಳ್ಳುವುದು ಎಂಬ ಅರ್ಥದಲ್ಲಿ ಅದು ನಿಷ್ಪನ್ನವಾದಂತೆ ತೋರುತ್ತದೆ. ಲೋಹವೆಂಬ ನಿಯಮ ಅದಕ್ಕಿಲ್ಲ. ಆದುದರಿಂದ 'ಮರದ ಕೋಳ' ಎಂದು ಅನುವಾದಿಸುವುದು ಲೇಸು. ಮುಂದೆ ಕರ್ಮಕಾಂಡವನ್ನು ಕನ್ನಡ ಲಿಪಿಯಲ್ಲಿ ಸಂಪಾದಿಸುವವರು ನಾಗರೀ ಮುದ್ರಿತ ಪ್ರತಿಯಿಂದ ಗಾಥೆಯನ್ನು ಮರುಬರೆದುಕೊಳ್ಳದೆ ಓಲೆಯ ಪ್ರತಿಗಳನ್ನೇ ನೋಡಿ, ಈ ಸ್ಥಳದಲ್ಲಿ ಳಕಾರವಿದ್ದರೆ ಅದನ್ನು ಲಕಾರಕ್ಕೆ ತಿದ್ದದೆ ಹಾಗೆಯೇ ಉಳಿಸಿ, ಹಡಿ ಎಂಬ ರೂಪವನ್ನು ಅಡಿಯಲ್ಲಿ ಸೂಚಿಸಬೇಕೆಂದು ವಿಜ್ಞಾಪನೆ.