ಸ್ಲೈಡ್-ಔಟ್ ನೆಲ: ನೀರಿನ ಹಾನಿ ಮತ್ತು ದುರಸ್ತಿ

ಅಮೆರಿಕ, ಕೆನಡಾಗಳಲ್ಲಿ ಪ್ರವಾಸಕ್ಕೂ ವಾಸಕ್ಕೂ ಬಳಸುವ ಕ್ಯಾಂಪರ್ ವಾಹನಗಳ ಪಕ್ಕದ ಗೋಡೆಯಿಂದ ಹೊರಕ್ಕೆ ಜಾರಿ ನಿಲ್ಲುವ ಕೋಣೆಗೆ ಸ್ಲೈಡ್-ಔಟ್ ಎನ್ನುತ್ತಾರೆ. ಈ ಕೋಣೆಯ ತಳಹಲಗೆ ನೀರು ಕುಡಿದು ಉಬ್ಬುವುದು, ಪದರ ಬಿಡುವುದು, ಕೊನೆಗೆ ಲಡ್ಡು ಹಿಡಿಯುವುದು ಇಂಥ ವಾಹನಗಳ ಸಾಮಾನ್ಯ ಹಾನಿಗಳಲ್ಲಿ ಒಂದು. ಇದು ಹೆಚ್ಚಾಗಿ ಹಲಗೆಯ ಹೊರ ಅಂಚಿನಲ್ಲಿ, ಅದರಲ್ಲೂ ಎರಡು ಕೆಳಮೂಲೆಗಳಲ್ಲಿ ಮೊದಲಾಗುತ್ತದೆ. ಒಳಗೆ ನಡೆದಾಡುವವರ ಕಾಲಿಗೆ ಮೆತ್ತಗೆ ತಗುಲುವ ಹೊತ್ತಿಗೆ ಸಾಕಷ್ಟು ಹರಡಿರುತ್ತದೆ. ನೀರು ಬಂದ ದಾರಿಯನ್ನು ಹುಡುಕಿ ಮುಚ್ಚದೆ ಹಲಗೆಯನ್ನಷ್ಟೇ ಬದಲಿಸಿದರೆ ಆ ದುರಸ್ತಿ ಬಹುಕಾಲ ನಿಲ್ಲುವುದಿಲ್ಲ.

ಹಿನ್ನೆಲೆ

ಅಮೆರಿಕದ ಹೆದ್ದಾರಿಗಳಲ್ಲಿ ವಾಹನದ ಅಗಲ ಸಾಮಾನ್ಯವಾಗಿ 102 ಇಂಚು, ಅಂದರೆ ಸುಮಾರು 2.6 ಮೀಟರ್ ಮೀರುವಂತಿಲ್ಲ. ಓಡುವಾಗ ಈ ಮಿತಿಯೊಳಗಿದ್ದು ನಿಂತಾಗ ಅಗಲವಾಗಬೇಕೆಂಬ ಬಯಕೆಯಿಂದ ಸ್ಲೈಡ್-ಔಟ್ ಹುಟ್ಟಿತು. ಇಂಡಿಯಾನಾ ರಾಜ್ಯದ ನಪನೀ ಊರಿನ ನ್ಯೂಮಾರ್ ಕಂಪನಿ 1990ರಲ್ಲಿ ಇದನ್ನು ಬಳಕೆಗೆ ತಂದಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಬದಿ ಹಿಗ್ಗಿಸುವ ಪ್ರಯೋಗಗಳು ಅದಕ್ಕೂ ಹಿಂದೆ ನಡೆದಿದ್ದವು. ಅಮೆರಿಕದ ಕ್ಯಾಂಪರ್‌ಗಳಲ್ಲಿ ಬಹುಪಾಲು ಇಂದಿಗೂ ತಯಾರಾಗುವುದು ಅದೇ ರಾಜ್ಯದ ಎಲ್ಕಾರ್ಟ್ ಸುತ್ತಮುತ್ತ. ಉದ್ಯಮ ಒಂದೇ ಕಡೆ ನೆಲೆಯೂರಿರುವುದರಿಂದ ಹಲಗೆ, ಹೊದಿಕೆ, ರಬ್ಬರು, ಮೋಟಾರುಗಳನ್ನು ಒದಗಿಸುವವರೂ ಕೆಲವೇ ಮಂದಿ. ಬೇರೆ ಬೇರೆ ಹೆಸರಿನ ವಾಹನಗಳಲ್ಲಿ ಹಾನಿ ಒಂದೇ ಬಗೆಯಲ್ಲಿ ಕಾಣಿಸುವುದಕ್ಕೆ ಇದೂ ಒಂದು ಕಾರಣವಿರಬಹುದು.

ರಚನೆ

ಮನೆಯ ನೆಲಕ್ಕೆ ಅಡಿಪಾಯವಿದೆ, ಕ್ಯಾಂಪರಿನ ಮುಖ್ಯ ನೆಲಕ್ಕೆ ಉಕ್ಕಿನ ಚೌಕಟ್ಟಿದೆ. ಸ್ಲೈಡ್-ಔಟ್ ನೆಲ ಮಾತ್ರ ಚಾಚಿಕೊಂಡಾಗ ಬಹುಮಟ್ಟಿಗೆ ಗಾಳಿಯಲ್ಲಿ ತೂಗುವ ಒಂದೇ ಹಲಗೆ. ಬಹಳಷ್ಟು ವಾಹನಗಳಲ್ಲಿ ಅದು 5/8 ಅಥವಾ 3/4 ಇಂಚು ದಪ್ಪದ ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿನೊಂದಿಗೆ ಅದುಮಿ ಮಾಡಿದ ಹಲಗೆ) ಅಥವಾ ಪ್ಲೈವುಡ್. ಅಡಿಭಾಗಕ್ಕೆ ಕಪ್ಪು ಬಣ್ಣದ ನೇಯ್ದ ಪಾಲಿಪ್ರಾಪಿಲೀನ್ ಹೊದಿಕೆಯಿರುತ್ತದೆ. ಇದನ್ನು ದುರಸ್ತಿಗಾರರು ಡಾರ್ಕೋ ಎಂಬ ವ್ಯಾಪಾರನಾಮದಿಂದಲೇ ಕರೆಯುತ್ತಾರೆ. ಹೊರ ಅಂಚಿಗೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಪಟ್ಟಿ ಬಡಿದು, ಅದರ ಮೇಲೆ ಗೋಡೆಯನ್ನು ನಿಲ್ಲಿಸಿರುತ್ತಾರೆ.

ಕೋಣೆಯನ್ನು ಚಾಚುವ ಯಂತ್ರಗಳಲ್ಲಿ ಮೂರು ಬಗೆ ಹೆಚ್ಚು ಬಳಕೆಯಲ್ಲಿವೆ. ಹಲ್ಲುಪಟ್ಟಿ ಮತ್ತು ಹಲ್ಲುಚಕ್ರದ ವ್ಯವಸ್ಥೆಯಲ್ಲಿ ಉಕ್ಕಿನ ತೊಲೆಗಳು ನೆಲದ ಕೆಳಗೆ ಹಾದು ಭಾರ ಹೊರುತ್ತವೆ. ಶ್ವಿನ್‌ಟೆಕ್ ವ್ಯವಸ್ಥೆಯಲ್ಲಿ ಹಳಿಗಳು ಪಕ್ಕದ ಗೋಡೆಗಳಲ್ಲಿರುತ್ತವೆ. ಮೂರನೆಯದು ಕೇಬಲ್ ಎಳೆಯುವ ಬಗೆ. ಕೊನೆಯ ಎರಡರಲ್ಲಿ ಹಲಗೆಯ ಕೆಳಗೆ ಉಕ್ಕಿನ ಆಸರೆ ಕಡಿಮೆ. ಹಲಗೆಯ ಅಡಿಮೈ ನೇರವಾಗಿ ರೋಲರ್‌ಗಳ ಮೇಲೆ ಉರುಳುವುದೂ ಉಂಟು. ಹಾಗಾಗಿ ಅಲ್ಲಿ ಹಲಗೆ ಕೆಲವೇ ಮಿಲಿಮೀಟರ್ ಉಬ್ಬಿದರೂ ಕೋಣೆ ಸಿಕ್ಕಿಹಾಕಿಕೊಳ್ಳಬಹುದು.

ನೀರು ಬರುವ ದಾರಿಗಳು

ಚಾವಣಿ ಸೋರಿತೆಂದು ಮೊದಲು ಶಂಕಿಸುವುದು ವಾಡಿಕೆ. ಆದರೆ ತಳಹಲಗೆಯ ಮಟ್ಟಿಗೆ ಹೆಚ್ಚು ಮುಖ್ಯವಾದ ದಾರಿಗಳು ಬೇರೆಯೇ ಇವೆ.

ಮೊದಲನೆಯದು ಗೋಡೆಯಿಂದ ಇಳಿದ ಮಳೆನೀರು. ಅದು ಕೆಳಅಂಚಿಗೆ ಬಂದು ತೊಟ್ಟಿಕ್ಕುವ ಬದಲು ಅಂಚಿಗೆ ಅಂಟಿಕೊಂಡೇ ಹಿಂದಕ್ಕೆ ತಿರುಗಿ, ಪಟ್ಟಿಗೂ ಹಲಗೆಗೂ ನಡುವಿನ ಕೂದಲೆಳೆ ಸಂದಿಯೊಳಕ್ಕೆ ಸೇರುತ್ತದೆ. ಎರಡನೆಯದು ರಸ್ತೆಯ ನೀರು: ಓಡುವಾಗ ಟೈರು ಎರಚುವ ನೀರು ಹೊದಿಕೆಯ ಹರುಕಿನಲ್ಲಿ ಒತ್ತಡದಿಂದಲೇ ನುಗ್ಗುತ್ತದೆ. ಮೂರನೆಯದು ಚಾಚಿದ ಕೋಣೆಯ ಮಾಡಿನ ಮೇಲೆ ನಿಂತ ನೀರು. ಕೋಣೆಯನ್ನು ಒಳಗೆಳೆದಾಗ ಅದೂ ಒಳಕ್ಕೆ ಬಂದು ಮೂಲೆಗುಂಟ ಇಳಿಯುತ್ತದೆ. ಮಡಚಿಕೊಂಡ ರಬ್ಬರು ನಾಲಗೆಗಳು, ಮೂಲೆಯಲ್ಲಿ ಎರಡು ರಬ್ಬರುಗಳು ಕೂಡದೆ ಉಳಿದ ಕಿಂಡಿ, ಕಸ ತುಂಬಿದ ಕಿಟಕಿ ಚೌಕಟ್ಟಿನ ರಂಧ್ರಗಳು, ಹೊದಿಕೆಯನ್ನು ತೂರಿದ ಸ್ಕ್ರೂಗಳು ಉಳಿದ ದಾರಿಗಳು.

ಹೊದಿಕೆಯ ಪಾತ್ರ ಎರಡಲಗಿನದು. ನೀರು ಒಳಹೋಗದಂತೆ ತಡೆಯುವ ಅದೇ ಹಾಳೆ, ಒಮ್ಮೆ ಒಳಹೋದ ನೀರನ್ನು ಹೊರಬಿಡುವುದೂ ಇಲ್ಲ. ಮೇಲಿನಿಂದ ನೆಲಹಾಸಿನ ವಿನೈಲ್ ಮುಚ್ಚಿರುತ್ತದೆ, ಕೆಳಗಿನಿಂದ ಡಾರ್ಕೋ. ಹಾನಿಗೊಂಡ ಮೂಲೆಯಲ್ಲಿ ಹೊದಿಕೆ ಜೋತುಬಿದ್ದಿರುತ್ತದೆ. ಅದನ್ನು ಸೀಳಿದರೆ ಕಂದು ನೀರು ಸುರಿದು, ಹಿಂದೆಯೇ ನೆನೆದ ಮರದ ಚಕ್ಕೆಗಳು ಹಿಡಿಹಿಡಿಯಾಗಿ ಕೈಗೆ ಬರುತ್ತವೆ.

ಹಲಗೆ ಉಬ್ಬುವುದೇಕೆ

ಓಎಸ್‌ಬಿಯ ಮೂಲ ಕಲ್ಪನೆ ಆರ್ಮಿನ್ ಎಲ್ಮೆಂಡಾರ್ಫ್ ಅವರದು. 1960ರ ದಶಕದಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ವಾಣಿಜ್ಯ ಉತ್ಪಾದನೆ 1980ರ ದಶಕದ ಆರಂಭದಲ್ಲಿ ಬೇರೂರಿತು. ಆಸ್ಪೆನ್ ಅಥವಾ ಪೈನ್ ಮರವನ್ನು ಉದ್ದುದ್ದ ಚಕ್ಕೆಗಳಾಗಿ ಸೀಳಿ, ಮೇಣ ಮತ್ತು ರಾಳದ ಅಂಟು ಸವರಿ, ಪದರ ಪದರವಾಗಿ ದಿಕ್ಕು ಬದಲಿಸಿ ಹರಡಿ, ಬಿಸಿ ಒತ್ತುಯಂತ್ರದಲ್ಲಿ ಅದುಮುತ್ತಾರೆ. ಆಸ್ಪೆನ್ ಮರದ ಸಾಂದ್ರತೆ ಘನಮೀಟರಿಗೆ ಸುಮಾರು 400 ಕಿಲೊ. ಅದರಿಂದಾದ ಹಲಗೆಯದು ಸಾಮಾನ್ಯವಾಗಿ 600 ಕಿಲೊ ದಾಟುತ್ತದೆ. ಅಂದರೆ ಮರದ ಜೀವಕೋಶಗಳು ಅಪ್ಪಚ್ಚಿಯಾದ ಸ್ಥಿತಿಯಲ್ಲೇ ಅಂಟಿನ ಹಿಡಿತದಲ್ಲಿ ಬಂಧಿಯಾಗಿವೆ.

ನೀರು ತಾಕಿದಾಗ ಎರಡು ಬಗೆಯ ಉಬ್ಬು ಒಟ್ಟಿಗೇ ನಡೆಯುತ್ತದೆ. ಒಂದು, ಯಾವ ಮರಕ್ಕೂ ಸಹಜವಾದದ್ದು. ತೇವ ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಇನ್ನೊಂದು, ಅದುಮಿಟ್ಟ ಕೋಶಗಳು ಒತ್ತಡ ಕಳಚಿ ಮೇಲೇಳುವುದು. ಈ ಎರಡನೆಯದು ಮರಳಿ ಇಳಿಯುವಂಥದ್ದಲ್ಲ. ನೆನೆದ ಅವಲಕ್ಕಿಯನ್ನು ಒಣಗಿಸಿದರೆ ಮೊದಲಿನ ತೆಳುವಾದ ಚಕ್ಕೆ ಸಿಗದು, ಇಲ್ಲಿಯೂ ಹಾಗೆಯೇ. ಕೋಶಗಳು ಏಳುವಾಗ ಚಕ್ಕೆಗಳ ನಡುವಿನ ಅಂಟು ಹರಿಯುತ್ತದೆ, ಹರಿದಲ್ಲಿ ಹೊಸ ಸಂದಿ ಬೀಳುತ್ತದೆ, ಆ ಸಂದಿ ಮುಂದಿನ ಮಳೆಯ ನೀರನ್ನು ಇನ್ನೂ ಒಳಕ್ಕೆ ಕರೆದೊಯ್ಯುತ್ತದೆ. ಆದ್ದರಿಂದ ಉಬ್ಬಿದ ಅಂಚನ್ನು ಉಜ್ಜಿ ಮಟ್ಟ ಮಾಡುವುದರಿಂದ ಆಕಾರ ಬರುತ್ತದೆಯೇ ಹೊರತು ಬಲ ಬರುವುದಿಲ್ಲ.

ಉಬ್ಬು ಅಂಚಿನಲ್ಲೇ ಏಕೆ ಹೆಚ್ಚೆಂಬುದಕ್ಕೂ ಕಾರಣವಿದೆ. ಮರದ ನಾರಿನ ಉದ್ದಕ್ಕೆ ನೀರು ಅಡ್ಡಕ್ಕಿಂತ ಬಹಳ ಬೇಗ ಸಾಗುತ್ತದೆ. ಕತ್ತರಿಸಿದ ಅಂಚಿನಲ್ಲಿ ನಾರಿನ ತುದಿಗಳೆಲ್ಲ ಬಾಯ್ತೆರೆದಿರುತ್ತವೆ. ಇದನ್ನರಿತೇ ಕಾರ್ಖಾನೆಗಳು ಹಲಗೆಯ ನಾಲ್ಕು ಅಂಚಿಗೂ ನೀರು ತಡೆಯುವ ಬಣ್ಣ ಬಳಿಯುತ್ತವೆ. ಸ್ಲೈಡ್-ಔಟ್ ಅಳತೆಗೆ ಹಲಗೆ ಕೊಯ್ದಾಗ ಆ ರಕ್ಷಣೆ ಗರಗಸದ ಹೊಟ್ಟಿನೊಂದಿಗೆ ಹೋಗುತ್ತದೆ. ಕೊಯ್ದ ಅಂಚಿಗೆ ಮತ್ತೆ ಬಣ್ಣ ಹಚ್ಚುವುದು ಕೆಲವೇ ನಿಮಿಷದ ಕೆಲಸ. ಬಿಚ್ಚಿದ ಅನೇಕ ನೆಲಗಳಲ್ಲಿ ಅದು ನಡೆದ ಗುರುತು ಕಾಣುವುದಿಲ್ಲ.

ಇಂಥ ಹಲಗೆಗಳ ಬಹುಪಾಲಿನ ಮೇಲೆ ‘ಎಕ್ಸ್‌ಪೋಷರ್ 1’ ಎಂಬ ಮುದ್ರೆಯಿರುತ್ತದೆ. ಕಟ್ಟಡದ ಕೆಲಸ ತಡವಾದಾಗ ಬೀಳುವ ಮಳೆಯನ್ನು ಹಲಗೆ ತಾಳಬಲ್ಲದು ಎಂಬುದಷ್ಟೇ ಆ ಮುದ್ರೆಯ ಭರವಸೆ. ಬದುಕಿಡೀ ಹೊರಗಿರಲು ಅದು ತಕ್ಕದ್ದೆಂದಲ್ಲ. ಸ್ಲೈಡ್-ಔಟ್‌ನ ಅಡಿಮೈ ಮಾತ್ರ ಇರುವುದು ಹೊರಗೇ. ಹಾಗಾಗಿ ಹೊದಿಕೆ ಮತ್ತು ಅಂಚುಪಟ್ಟಿ ಕೆಟ್ಟರೆ ಹಲಗೆಯ ಆಯುಷ್ಯವೂ ಅಲ್ಲಿಗೆ ಮುಗಿಯತೊಡಗುತ್ತದೆ.

ಲಡ್ಡು ಹಿಡಿಯುವುದು ಇದರ ಮುಂದಿನ ಘಟ್ಟ. ಮರ ಕೊಳೆಸುವ ಶಿಲೀಂಧ್ರಗಳು ಚೆನ್ನಾಗಿ ಬೆಳೆಯಲು ತೇವಾಂಶ ಸುಮಾರು ಶೇ. 30ರ ಆಸುಪಾಸಿಗೆ ಅಥವಾ ಅದಕ್ಕೂ ಮೇಲೆ ಇರಬೇಕು, ಶೇ. 20ರ ಕೆಳಗಿದ್ದರೆ ಮರ ಕ್ಷೇಮವೆಂಬುದು ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯದ ಬಹುಕಾಲದ ಸಲಹೆ. ಕಂದು ಕೊಳೆಯಲ್ಲಿ ಮರ ಚೌಕಚೌಕವಾಗಿ ಬಿರುಕು ಬಿಟ್ಟು ಪುಡಿಯಾಗುತ್ತದೆ. ಅದರ ವಿಶೇಷವೆಂದರೆ, ಕಣ್ಣಿಗೆ ಬದಲಾವಣೆ ಕಾಣುವ ಮೊದಲೇ ಮರದ ಗಟ್ಟಿತನ ಗಣನೀಯವಾಗಿ ಇಳಿದಿರುತ್ತದೆ.

ಪತ್ತೆ

ಉಪಕರಣಗಳಲ್ಲಿ ಅತಿ ಸರಳವಾದ ದಬ್ಬಳವೇ ಹೆಚ್ಚು ನಂಬಿಕಸ್ಥ. ಹೊರ ಅಂಚಿನಿಂದ ಒಳಕ್ಕೆ ಗೇಣಿಗೊಮ್ಮೆ ಚುಚ್ಚುತ್ತ ಹೋದರೆ, ಮೊನೆ ತಡೆಯಿಲ್ಲದೆ ಇಳಿಯುವುದು ನಿಂತು ಗಟ್ಟಿ ಮರ ಸಿಕ್ಕುವ ಗೆರೆ ಗೊತ್ತಾಗುತ್ತದೆ. ಕತ್ತರಿಸುವ ಗೆರೆ ಅದಕ್ಕಿಂತ ಕೆಲವು ಇಂಚು ಒಳಗಿರಬೇಕು. ಎರಡು ಮೊನೆಯ ತೇವಮಾಪಕವನ್ನು ಸಾಮಾನ್ಯವಾಗಿ ಡಗ್ಲಸ್ ಫರ್ ಮರಕ್ಕೆ ಹೊಂದಿಸಿರುತ್ತಾರೆ. ಓಎಸ್‌ಬಿಯ ಅಂಟು, ಮೇಣಗಳು ಅದರ ಅಂಕಿಯನ್ನು ವ್ಯತ್ಯಾಸಗೊಳಿಸಬಹುದು. ಅದೇ ನೆಲದ ಒಣ ಭಾಗದ ಅಂಕಿಯೊಂದಿಗೆ ಹೋಲಿಸಿ ನೋಡುವುದು ಜಾಣತನ. ಮುಗ್ಗಲು ವಾಸನೆ, ವಿನೈಲ್‌ನ ಕಪ್ಪು ಕಲೆ, ಒಳಗೆಳೆಯುವಾಗ ಕೋಣೆ ಒಂದು ಬದಿಗೆ ತಡವರಿಸುವುದು ಇತರ ಲಕ್ಷಣಗಳು.

ದುರಸ್ತಿ

ಮೊದಲ ಕೆಲಸ ಆಸರೆ. ಬ್ಯಾಟರಿ ಸಂಪರ್ಕ ತೆಗೆದು, ಚಾಚಿದ ಕೋಣೆಯ ಗೋಡೆಗಳ ಕೆಳಗೆ ಮರದ ತೊಲೆ ಕೊಟ್ಟು ಜಾಕ್‌ಗಳ ಮೇಲೆ ಭಾರ ನಿಲ್ಲಿಸಬೇಕು. ಸೋಫಾ, ಊಟದ ಮೇಜು, ಕೆಲವೊಮ್ಮೆ ಫ್ರಿಜ್ಜು ಕೂಡ ಸ್ಲೈಡಿನಲ್ಲೇ ಇರುವುದರಿಂದ ಆಸರೆಯಿಲ್ಲದೆ ಕೆಳಗೆ ತೂರುವುದು ಅಪಾಯಕರ. ಅನಂತರ ಹೊದಿಕೆ ಬಿಚ್ಚಿ ಒಣಗಿಸುವುದು. ಫ್ಯಾನು ಮತ್ತು ತೇವ ಹೀರುವ ಯಂತ್ರವಿದ್ದರೂ ಇದು ಒಂದೆರಡು ದಿನಕ್ಕೆ ಮುಗಿಯುವುದು ಅಪರೂಪ. ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳವನ್ನು ಬಳಸುವುದಾದರೆ ತೇವಾಂಶ ಶೇ. 12ರ ಸಮೀಪಕ್ಕೆ ಇಳಿಯುವುದು ಒಳಿತು. ಬೂಷ್ಟು ಹಿಡಿದ ಹಲಗೆ ಕೆರೆಯುವಾಗ ಮುಖಗವಸು ಬೇಕು.

ಹಾನಿ ಅಂಗೈಯಗಲವಿದ್ದು, ಭಾರ ಹೊರುವ ಜಾಗದಿಂದ ದೂರವಿದ್ದರೆ ತೆಳುವಾದ ಎಪಾಕ್ಸಿ ಕುಡಿಸಿ ಗಟ್ಟಿ ಮಾಡುತ್ತಾರೆ. ಈ ವಿದ್ಯೆ ಬಂದದ್ದು ದೋಣಿ ಕಟ್ಟುವವರಿಂದ; ಮಿಷಿಗನ್‌ನ ಬೇ ಸಿಟಿಯ ಗೌಜನ್ ಸಹೋದರರು 1969ರಿಂದ ಮರದ ದೋಣಿಗಳಲ್ಲಿ ಎಪಾಕ್ಸಿ ಬಳಕೆಯನ್ನು ಬೆಳೆಸಿದವರಲ್ಲಿ ಪ್ರಮುಖರು. ಆದರೆ ಅಂಟು ಹರಿದ ಓಎಸ್‌ಬಿಗೆ ಎಪಾಕ್ಸಿ ಮೊದಲಿನ ಬಲವನ್ನು ಪೂರ್ತಿ ಮರಳಿಸುತ್ತದೆನ್ನಲಾಗದು. ಒದ್ದೆ ಮರದ ಮೇಲೆ ಸುರಿದರೆ ಅದು ತೇವವನ್ನು ಒಳಗೇ ಬಿಗಿದಿಡುತ್ತದೆ.

ಹಾನಿ ಅಂಚಿನುದ್ದಕ್ಕೂ ಇದ್ದರೆ ತೇಪೆ. ಗಟ್ಟಿ ಮರದವರೆಗೆ ಕೊಯ್ದು ತೆಗೆದು, ಹಳೆಯ ಹೊಸ ಹಲಗೆಗಳ ಅಂಚನ್ನು ಅರ್ಧರ್ಧ ದಪ್ಪಕ್ಕೆ ಕೆತ್ತಿ ಒಂದರ ಮೇಲೊಂದು ಕೂರಿಸುತ್ತಾರೆ. ಇಲ್ಲವೇ ಓರೆಯಾಗಿ ಕೆತ್ತಿ ಬೆಸೆಯುತ್ತಾರೆ. ಓರೆ ಬೆಸುಗೆಯ ಉದ್ದ ದಪ್ಪದ 8 ಪಟ್ಟು ಇರಬೇಕೆಂಬುದು ದೋಣಿ ಕೆಲಸದ ರೂಢಿ, 18 ಮಿ.ಮೀ. ಹಲಗೆಗೆ 144 ಮಿ.ಮೀ. ತುದಿಗೆ ತುದಿ ಇಟ್ಟು ಕೆಳಗೊಂದು ಪಟ್ಟಿ ಬಡಿಯುವುದು ಸುಲಭ, ಆದರೆ ಆ ಪಟ್ಟಿ ರೋಲರಿಗೆ ಅಡ್ಡ ಬರುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಮತ್ತು ಪಾಲಿಯುರೆಥೇನ್ ಅಂಟು ಇಲ್ಲಿ ಸಾಮಾನ್ಯ.

ಹಾನಿ ಗೋಡೆಯಡಿಗೂ ರೋಲರ್ ಸಾಲಿಗೂ ಹಬ್ಬಿದ್ದರೆ ಇಡೀ ಹಲಗೆ ಬದಲಿಸುವುದೇ ದಾರಿ. ಗೋಡೆಗಳನ್ನು ಜಾಕ್ ಮೇಲೆ ನಿಲ್ಲಿಸಿ ಹಳೆಯದನ್ನು ಹೊರಗೆಳೆಯಬಹುದು, ಅಥವಾ ಕೋಣೆಯನ್ನೇ ವಾಹನದಿಂದ ಬೇರ್ಪಡಿಸಬಹುದು. ಹೊಸ ಹಲಗೆಗೆ ಮರೀನ್ ಅಥವಾ ಹೊರಾಂಗಣ ದರ್ಜೆಯ ಪ್ಲೈವುಡ್ ಉತ್ತಮ. ಕರ್ನಾಟಕದ ಅಂಗಡಿಗಳಲ್ಲಿ ಐಎಸ್ 710 ಗುರುತಿನೊಂದಿಗೆ ಮಾರುವ ಮರೀನ್ ಪ್ಲೈ ಇದೇ ಜಾತಿಗೆ ಸೇರಿದ್ದು. ದಪ್ಪದಲ್ಲಿ ರಾಜಿ ಸಲ್ಲದು. ಅಮೆರಿಕದಲ್ಲಿ 3/4 ಇಂಚೆಂದು ಮಾರುವ ಹಲಗೆ ಅನೇಕ ವೇಳೆ 23/32 ಇಂಚು, ಅಂದರೆ ಸುಮಾರು 18.3 ಮಿ.ಮೀ. ಇರುತ್ತದೆ, ಹಳೆಯ ಹಲಗೆಯ ಉಬ್ಬದ ಭಾಗವನ್ನೇ ಅಳೆದು ತರಬೇಕು. ಕೂರಿಸುವ ಮೊದಲು ಆರೂ ಮೈಗೆ, ಪ್ರತಿ ಸ್ಕ್ರೂ ತೂತಿಗೆ ಎಪಾಕ್ಸಿ ಅಥವಾ ಬಣ್ಣ ಹಚ್ಚಬೇಕು. ಅಂಚುಪಟ್ಟಿಯ ಹಿಂದೆ ಬ್ಯುಟೈಲ್ ಟೇಪು ಇಟ್ಟು, ಪಟ್ಟಿಯ ಕೆಳತುದಿ ಹಲಗೆಗಿಂತ ತುಸು ಕೆಳಗೆ ಇಳಿಯುವಂತೆ ಮಾಡಿದರೆ ನೀರು ಹಿಂದಿರುಗದೆ ತೊಟ್ಟಿಕ್ಕುತ್ತದೆ.

ಮಾನದಂಡ ಮತ್ತು ವಿಮೆ

ಅಮೆರಿಕದ ಕ್ಯಾಂಪರ್‌ಗಳಿಗೆ ಅನ್ವಯಿಸುವ ಎನ್‌ಎಫ್‌ಪಿಎ 1192 ಮಾನದಂಡ ಮುಖ್ಯವಾಗಿ ಬೆಂಕಿ, ಅನಿಲ, ಕೊಳಾಯಿ ಸುರಕ್ಷತೆಗೆ ಸಂಬಂಧಿಸಿದ್ದು. ಹಾಗಾಗಿ ಈ ಮಾನದಂಡ ಪಾಲಿಸಿದೆಯೆಂದು ವಾಹನದ ಮೇಲೆ ಹಚ್ಚುವ ಉದ್ಯಮದ ಮುದ್ರೆಯನ್ನು ಮಳೆ ತಡೆಯುವ ಖಾತರಿಯೆಂದು ಓದಬಾರದು. ವಿಮೆಗಳು ದಿಢೀರ್ ಅಪಘಾತದ ನೀರಿಗೆ ಹಣ ಕೊಟ್ಟರೂ ನಿಧಾನವಾದ ಸೋರಿಕೆಯನ್ನು ಹೊರಗಿಡುವುದೇ ಹೆಚ್ಚು.

ಮುನ್ನೆಚ್ಚರಿಕೆ

ಕೋಣೆಯನ್ನು ಒಳಗೆಳೆಯುವ ಮುನ್ನ ಮಾಡಿನ ನೀರು ಗುಡಿಸುವುದು, ಸ್ಲೈಡಿನ ಮೇಲೆ ಬಟ್ಟೆಯ ಚಪ್ಪರ ಕಟ್ಟುವುದು, ರಬ್ಬರುಗಳ ನಾಲಗೆ ಸರಿಯಾದ ದಿಕ್ಕಿಗಿದೆಯೇ ನೋಡುವುದು ಸಾಮಾನ್ಯ ಸಲಹೆಗಳು. ಇವೆಲ್ಲಕ್ಕಿಂತ ಫಲ ಕೊಡುವುದು ವರ್ಷಕ್ಕೆರಡು ಬಾರಿ ಹೊರಗಿನಿಂದ ಬಗ್ಗಿ ಎರಡು ಕೆಳಮೂಲೆಗಳ ಹೊದಿಕೆಯನ್ನು ಬೆರಳಿನಿಂದ ಒತ್ತಿ ನೋಡುವ ಪರೀಕ್ಷೆ. ಹೊದಿಕೆ ಬಿಗಿಯಾಗಿದ್ದು ಹಿಂದೆ ಗಟ್ಟಿ ಮರ ತಾಕಿದರೆ ಸರಿ. ಮೆತ್ತಗಿದ್ದರೆ ಆಗಲೇ ಸೀಳಿ ಒಣಗಿಸಬೇಕು. ಆ ಘಟ್ಟದಲ್ಲಿ ಕೆಲಸ ಒಂದು ತೇಪೆಗೆ ಮುಗಿಯುವ ಸಾಧ್ಯತೆ ಇನ್ನೂ ಇರುತ್ತದೆ.